ಒಳಗಿನಿಂದ ಸೀಳುವ ಉಕ್ಕು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕಾ,

ಇದನ್ನು ನಿಂತಲ್ಲೇ ಓದಬೇಡ. ಮೊದಲು ಆ ಎರಡನೇ ರಿಯಾಕ್ಟರಿನ ಪಕ್ಕದಿಂದ ಆಚೆ ಬಾ, ಜೊತೆಯವರನ್ನೂ ಕರೆದುಕೊಂಡು ಬಾ. ಗೇಟಿನ ಹತ್ತಿರ ಬಂದು ಓದು. ತಮಾಷೆಯಲ್ಲ ಕಣೇ, ನಿನ್ನಾಣೆ.

ನಿನ್ನೆ ಮೂರು ಸಲ ಫೋನ್ ಮಾಡಿ ನಿನ್ನ ಮಂಡಿನೋವು ವಿಚಾರಿಸಿ ಇಟ್ಟುಬಿಟ್ಟೆನಲ್ಲ, ಹೇಳಬೇಕೆಂದಿದ್ದದ್ದು ಇದನ್ನೇ. "ಏನೇ, ಇವತ್ತು ಇಷ್ಟೊಂದು ಅಕ್ಕರೆ?" ಎಂದು ನೀನು ನಕ್ಕೆ. ಈಗ ನೀನು ಡ್ಯೂಟಿಯಲ್ಲಿದ್ದೀಯ, ಒಳಗೆ ಫೋನ್ ಬಿಡುವುದಿಲ್ಲ. ಅಲ್ಲದೆ, ಸಹಿ ಸಮೇತ ಬರಹದಲ್ಲಿ ಕೊಡದಿದ್ದರೆ ನಿಮ್ಮ ಮ್ಯಾನೇಜರು ಘಟಕ ನಿಲ್ಲಿಸುವವರಲ್ಲ. ಅದಕ್ಕೇ ಈ ಕಾಗದ. ನಮ್ಮ ಲ್ಯಾಬಿನ ಡ್ರೈವರ್ ಅರ್ಧ ಗಂಟೆಯಲ್ಲಿ ತಲುಪಿಸುತ್ತಾನೆ.

ನಮ್ಮಲ್ಲೊಂದು ರೂಢಿ ಇದೆ. ಪರೀಕ್ಷೆ ಮಾಡಿ ಅಳೆದ ಅಂಕಿ ಶಾಯಿಯಲ್ಲಿ, ಕಂಪ್ಯೂಟರ್ ಅಂದಾಜಿಸಿದ್ದು ಪೆನ್ಸಿಲಿನಲ್ಲಿ. ನಿಮ್ಮ ರಿಯಾಕ್ಟರಿನ ಉಕ್ಕು ಬಿಸಿ ಹೈಡ್ರೋಜನ್‌ನಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬ ಪಟ್ಟಿ ಮಾಡಿದವಳು ನಾನೇ ತಾನೇ. ನಾನೂರು ಡಿಗ್ರಿಯವರೆಗೆ ಅಳೆದಿದ್ದೆ. ಅಷ್ಟರಲ್ಲಿ ನಮ್ಮ ಲ್ಯಾಬಿನ ಕುಲುಮೆ ಕೆಟ್ಟಿತು. ನಾನೂರೈವತ್ತಕ್ಕೆ ಕಂಪ್ಯೂಟರ್ ಹೇಳಿದ ಇಪ್ಪತ್ತು ವರ್ಷವನ್ನು ಪೆನ್ಸಿಲಿನಲ್ಲಿ ತುಂಬಿಟ್ಟೆ. ಪಟ್ಟಿ ಕಳಿಸುವ ದಿನ ಗಡಿಬಿಡಿಯಲ್ಲಿ ಎಲ್ಲವನ್ನೂ ಶಾಯಿಯಲ್ಲೇ ನಕಲು ಮಾಡಿಬಿಟ್ಟೆ. ನಿಮ್ಮವರು ಅದನ್ನು ಅಳೆದದ್ದೇ ಎಂದು ನಂಬಿ ಐದು ತಿಂಗಳಿನಿಂದ ನಾನೂರೈವತ್ತರಲ್ಲೇ ಓಡಿಸುತ್ತಿದ್ದಾರೆ.

ಕುಲುಮೆ ರಿಪೇರಿಯಾದ ಮೇಲೆ ಅದೇ ಉಕ್ಕಿನ ಒಂದು ತುಂಡನ್ನು ಅದೇ ಶಾಖದಲ್ಲಿ, ಅದೇ ಅನಿಲದಲ್ಲಿ ಮೂರು ತಿಂಗಳು ಇಟ್ಟಿದ್ದೆ. ನಿನ್ನೆ ಹೊರತೆಗೆದೆ. ಮೇಲಿನಿಂದ ಒಂದು ಗೀರೂ ಇರಲಿಲ್ಲ. ಕೊಯ್ದು ನೋಡಿದರೆ ಒಳಗೆಲ್ಲ ಕೂದಲೆಳೆಯಂಥ ಬಿರುಕು! ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅಲ್ಲಿನ ಇಂಗಾಲದ ಜೊತೆ ಸೇರಿ ಮೀಥೇನ್ ಆಗಿದೆ. ಆ ಅನಿಲಕ್ಕೆ ಹೊರಬರಲು ದಾರಿಯಿಲ್ಲ, ಒಳಗೇ ಒತ್ತಿ ಒತ್ತಿ ಸೀಳಿದೆ. ನಿಮ್ಮ ರಿಯಾಕ್ಟರಿನ ಗೋಡೆಯೊಳಗೆ ಈಗ ಏನಾಗಿದೆಯೋ!

ಹೊಸಬರಿಗೆಲ್ಲ ನೀನು "ನನ್ ತಂಗಿ ಲೆಕ್ಕ ಹಾಕಿರೋದು, ಕಣ್ಮುಚ್ಕೊಂಡು ಇದರ ಪಕ್ಕ ನಿಂತ್ಕೊಳ್ಳಿ" ಅನ್ನುತ್ತೀಯಂತೆ. ಇನ್ನು ಹಾಗೆ ಹೇಳಬೇಡ, ಕೈ ಮುಗಿಯುತ್ತೇನೆ. ಒತ್ತಡ ಇಳಿಸಿ ಅದನ್ನು ಹೇಗೆ ತಣಿಸಬೇಕೆಂದು ಹದಿನಾರು ವರ್ಷ ಶಿಫ್ಟ್ ನಡೆಸಿದ ನಿನಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಎಲ್ಲರಿಗಿಂತ ಮುಂದೆ ನೀನೇ ನುಗ್ಗಿ ವಾಲ್ವ್ ತಿರುಗಿಸಲು ಹೋಗಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ದೂರದಿಂದಲೇ ಮಾಡಿಸು.

ತಪ್ಪು ಪೂರ್ತಿ ನನ್ನದು. ಪತ್ರವನ್ನು ಮ್ಯಾನೇಜರಿಗೆ ತೋರಿಸು. ನೀನು ಹೊರಗೆ ಬಂದ ತಕ್ಷಣ ಒಂದು ಫೋನ್ ಮಾಡು, ಬೈಯುವುದಕ್ಕಾದರೂ ಮಾಡು.

ನಿನ್ನ ದನಿಗಾಗಿ ಜೀವ ಕೈಯಲ್ಲಿ ಹಿಡಿದು ಕೂತಿರುವ,
ನಿನ್ನ ಚಿನಕುರುಳಿ
(ಕೆಳಗೆ ಪೂರ್ತಿ ಸಹಿ ಹಾಕಿದ್ದೇನೆ)

ಇನ್ನೊಂದು ಮಾತು: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ತುಂಡು ಹೊರತೆಗೆದದ್ದು ನಿನ್ನೆಯಲ್ಲ ಅಕ್ಕಾ, ಇಪ್ಪತ್ತು ದಿನವಾಯಿತು. ಪಿಎಚ್‌ಡಿ ಕೈತಪ್ಪುತ್ತದೆಂದು ಹೆದರಿ, ಯಾರಿಗೂ ಹೇಳದೆ, ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತ ಕೂತಿದ್ದೆ. ಆ ಇಪ್ಪತ್ತು ದಿನವೂ ನೀನು ಡ್ಯೂಟಿಗೆ ಹೋದೆ. ನನಗೆ ಗೊತ್ತಿತ್ತು.