ಹ್ಯಾರಿ ಸುಮ್ಮನಿರುತ್ತಿದ್ದ ಜಾಗ

ಶನಿವಾರ, 9 ಸೆಪ್ಟೆಂಬರ್ 2006

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ನನಗೆ ಕಿಟಕಿ ಸೀಟು ಸಿಕ್ಕಿತು. ಗಾಳಿ ಬರುವ ಬದಿಯದೇ. ಯಾರನ್ನೂ ತುಳಿಯಲಿಲ್ಲ, ಯಾರೂ ಬೈಯಲಿಲ್ಲ. ಘಟನೆಯ ನೆನಪಿಗೆ ಪ್ಲಾಟ್‌ಫಾರ್ಮ್ ಮೇಲೊಂದು ಶಿಲಾಶಾಸನ ನೆಡಿಸುವ ಯೋಚನೆಯಿದೆ.

ಸೀಟು ಸಿಕ್ಕರೆ ವಾಕ್‌ಮನ್. ವಾಕ್‌ಮನ್ ಎಂದರೆ ಹ್ಯಾರಿ. ಊರಲ್ಲಿಟ್ಟ ಹೆಸರು ಹರಿಶ್ಚಂದ್ರ, ಗಿಟಾರ್ ಹಿಡಿದ ಮೇಲೆ ಹ್ಯಾರಿ. ನೌಪಾಡಾದ ‘ಅನ್ನಪ್ರಸಾದ’ ಹೋಟೆಲಿನ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಇನ್ನಿಬ್ಬರ ಜೊತೆ ವರ್ಷಾನುಗಟ್ಟಲೆ ಜಾಝ್ ನುಡಿಸಿದವನು. ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ನನ್ನ ಹತ್ತಿರ ಉಳಿದಿರುವುದು ಬಾರಿನಲ್ಲೇ ರೆಕಾರ್ಡ್ ಮಾಡಿದ ಒಂದು ಕ್ಯಾಸೆಟ್. ಮುಕ್ಕಾಲು ಪಾಲು ತಟ್ಟೆ-ಲೋಟದ ಸದ್ದು. ನಡುವೆ ಹ್ಯಾರಿ... ಒಂದು ಸ್ವರ ನುಡಿಸುತ್ತಾನೆ. ಎರಡನೆಯದು ಬೇಕೇ ಬೇಡವೇ ಎಂದು ಯೋಚಿಸುತ್ತಾನೆ. ಆ ಯೋಚನೆಯೂ ತಾಳದಲ್ಲೇ ಇರುತ್ತದೆ. ಪಾರ್ಸಿಕ್ ಸುರಂಗದಲ್ಲಿ ರೈಲು ಅಷ್ಟು ಅಬ್ಬರಿಸಿದರೂ ಆ ಸ್ವರ ಅಲುಗಲಿಲ್ಲ.

ಸಂಜೆ ಅನ್ನಪ್ರಸಾದ. ಹೋಟೆಲಿನ ಧಣಿ ಕಿಟ್ಟಣ್ಣ ಗಲ್ಲಾದಲ್ಲಿ ಕುಳಿತೇ ಸುದ್ದಿ ಹೇಳಿದರು: ದಸರಾ ಕಳೆದ ಮೇಲೆ ಪರ್ಮಿಟ್ ರೂಮಿನ ಆರ್ಗನ್, ಹ್ಯಾರಿಯ ಜೊತೆಗೆ ನುಡಿಯುತ್ತಿದ್ದ ಆ ಹಳೇ ವಾದ್ಯ, ಉಲ್ಹಾಸನಗರದ ಹಳೇ ಸಾಮಾನಿನವನಿಗೆ. ಆ ಜಾಗಕ್ಕೆ ದೊಡ್ಡ ಟಿವಿ, ಕ್ರಿಕೆಟ್. ಗಿಟಾರ್ ಇಲ್ಲದ ಮೇಲೆ ಅದನ್ನು ನುಡಿಸುವವರಾರು, ಅದರ ಮೇಲೆ ಈಗ ಉಪ್ಪಿನಕಾಯಿ ಬಾಟಲಿ ಇಡುತ್ತಿದ್ದಾರೆ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಸೋಂಪಿನ ತಟ್ಟೆ ನೋಡಿದರು.

ಭಾನುವಾರ, 17 ಸೆಪ್ಟೆಂಬರ್

ಕಲ್ಯಾಣ್. ಹ್ಯಾರಿಯ ಹೆಂಡತಿ ಜಯಲತಕ್ಕನ ಮನೆ. ಕ್ಯಾಸೆಟ್ ಕೇಳಿಸಿದೆ. ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ, ಅವರು ಕಿವಿಗೊಟ್ಟು ಕುಳಿತಿದ್ದರು. ಮುಗಿದ ಮೇಲೆ ತೀರ್ಪು ಬಂತು.

“ಇದರಲ್ಲಿ ಬಂಗುಡೆ ಫ್ರೈಯ ಆರ್ಡರು ಚಂದ ಕೇಳ್ತದೆ. ಅವರದ್ದು ಯಾವುದು?”

ಹಾಸ್ಯಕ್ಕೆಂದು ಹೇಳಿದ್ದಲ್ಲ. ನಿಜಕ್ಕೂ ಕೇಳಿದರು. ಇಡೀ ಥಾಣೆ ಜಿಲ್ಲೆಯಲ್ಲಿ ಹ್ಯಾರಿಯ ಗಿಟಾರನ್ನು ಸರಿಯಾಗಿ ಕೇಳದೇ ಉಳಿದವರು ಇವರೊಬ್ಬರೇ ಇರಬೇಕು. ಪರ್ಮಿಟ್ ರೂಮಿಗೆ ನಮ್ಮವರ ಮನೆಯ ಹೆಂಗಸರು ಕಾಲಿಡುವುದಿಲ್ಲ. ಧಣಿಯ ಹೆಂಡತಿಯೂ ಇಡುವುದಿಲ್ಲ. ಹೋಟೆಲಿನ ಹಣದಿಂದ ಮಾಡಿಸಿದ ಬಳೆ ತೊಡುತ್ತಾರೆ, ಆದರೆ ಆ ಬಾಗಿಲು ದಾಟುವುದಿಲ್ಲ. ನೆಂಟರಲ್ಲಿ ಕೇಳಿದರೆ ಜಯಲತಕ್ಕ “ಹೋಟೆಲಿನಲ್ಲಿ ಇದ್ದಾರೆ” ಎನ್ನುತ್ತಿದ್ದರು. ಅಷ್ಟೇ.

ಮನೆಯಲ್ಲಿ ಹ್ಯಾರಿ ಕರೆಂಟಿಗೆ ಸಿಕ್ಕಿಸದೆಯೇ ಅಭ್ಯಾಸ ಮಾಡುತ್ತಿದ್ದನಂತೆ. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು. ಎಲೆಕ್ಟ್ರಿಕ್ ಗಿಟಾರ್ ಹಾಗೆ ನುಡಿಸಿದರೆ ಎಷ್ಟು ಕೇಳಿಸೀತು? ಸೊಳ್ಳೆಗಿಂತ ಸ್ವಲ್ಪ ಮೇಲು, ಕುಕ್ಕರಿಗಿಂತ ಬಹಳ ಕೆಳಗೆ. ಅದನ್ನೇ ಇಷ್ಟು ವರ್ಷ, ಬೀನ್ಸ್ ಮುರಿಯುತ್ತ ಕೇಳಿದವರು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: “ಮೂರು ಜನ ಸೇರಿ ಬಾರಿಸಿದ್ದು ಒಮ್ಮೆ ಕೇಳಬೇಕಿತ್ತು. ಇನ್ನು ಹೇಗೆ ಕೇಳುವುದು.”

ಆರ್ಗನ್ ಹೋಗುವ ವಿಷಯ ಹೇಳಲು ಬಾಯಿ ಬರಲಿಲ್ಲ.

ಮಂಗಳವಾರ, 19 ಸೆಪ್ಟೆಂಬರ್

ಕಿಟ್ಟಣ್ಣನ ಫೋನ್. ಜಯಲತಕ್ಕ ಬಾಗಿಲಲ್ಲಿ ಆಡಿದ ಮಾತನ್ನು ಅವರಿಗೆ ನಿನ್ನೆ ತಲುಪಿಸಿದ್ದೆ. ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಕ್ಯಾಲೆಂಡರ್ ನೋಡುತ್ತಿದ್ದಾಗ ಪರಿಹಾರ ಕಂಡಿತಂತೆ.

ಅಕ್ಟೋಬರ್ ಎರಡು. ಗಾಂಧಿ ಜಯಂತಿ. ಡ್ರೈ ಡೇ.

ಡ್ರೈ ಡೇ ಎಂದರೆ ಕಿಟ್ಟಣ್ಣನಿಗೆ ಸೂತಕ ಇದ್ದ ಹಾಗೆ. ಬಾಟಲಿಗಳಿಗೆ ಬೀಗ, ಮುಖಕ್ಕೆ ಗಂಟು. ಆದರೆ ಅವರ ವಾದ ಸುಪ್ರೀಂ ಕೋರ್ಟಿನ ಮಟ್ಟದ್ದು: ಮದ್ಯ ಇಲ್ಲದ ದಿನ ಅದು ಪರ್ಮಿಟ್ ರೂಮೇ ಅಲ್ಲ, ಬರೀ ರೂಮು. ಬರೀ ರೂಮಿಗೆ ಜಯಲತ ಅತ್ತಿಗೆ ಬರಬಹುದು. ಈ ವರ್ಷ ವಿಜಯದಶಮಿಯೂ ಅಂದೇ. ಇನ್ನೇನು ಬೇಕು.

ಜಯಲತಕ್ಕ ಒಪ್ಪಿದರು. “ಬಾಟಲಿ ಕಾಣಬಾರದು” ಎಂಬ ಒಂದೇ ಷರತ್ತು.

ಭಾನುವಾರ, 24 ಸೆಪ್ಟೆಂಬರ್

ಅಭಿಮಾನಿ ಬಳಗದ ಮಹಾಸಭೆ. ಹಾಜರಿ ಐದು. ಕೋರಂ ಪೂರ್ಣ, ಏಕೆಂದರೆ ಬಳಗವೇ ಅಷ್ಟು.

ಆರ್ಗನ್ನಿನ ವಿಷ್ಣುಮೂರ್ತಿ ರಾಯರು — ಉಡುಪಿ ಕಡೆಯವರು, ಭಜನೆಯ ಹಾರ್ಮೋನಿಯಂನಿಂದ ಈ ಪೆಡಂಭೂತಕ್ಕೆ ಬಡ್ತಿ ಪಡೆದವರು. ಡ್ರಮ್ಸಿನ ಮಾಪಣ್ಣ — ಕಲಬುರಗಿಯವನು, ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿ. ಖಾರಘರದ ರಂಜನ್ — ಕಂಪ್ಯೂಟರ್ ಕೆಲಸ, ಇಲ್ಲೇ ಹುಟ್ಟಿದ ಹುಡುಗ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಮತ್ತೆ ಕಿಟ್ಟಣ್ಣ, ನಾನು.

ಪ್ರಶ್ನೆ: ಗಿಟಾರ್ ಯಾರು?

ಆರ್ಗನ್ ಟ್ರಯೋದಲ್ಲಿ ಇರುವುದೇ ಮೂವರು. ಆರ್ಗನ್, ಡ್ರಮ್, ಗಿಟಾರ್. ಬಾಸ್‌ಗೆ ಬೇರೆ ಜನವಿಲ್ಲ. ಅದು ಆರ್ಗನ್ನಿನವರ ಕಾಲಿನ ಕೆಲಸ, ಕೆಳಗೆ ಮರದ ಪಟ್ಟಿಗಳ ಸಾಲಿದೆ, ಕೈ ಮೇಲೆ ಹಾಡುವಾಗ ಕಾಲು ಕೆಳಗೆ ನಡೆಯುತ್ತಿರಬೇಕು. ಮೂರು ಕಾಲಿನ ಸ್ಟೂಲು ಇದ್ದಂತೆ. ಒಂದು ತೆಗೆದರೆ ಉಳಿದೆರಡರ ಮೇಲೆ ಕೂರಲಾಗದು.

ಉತ್ತರ ರಾಯರದು: “ಬೇರೆಯವರು ಬೇಡ. ಅವನ ಪಾಲು ಬಂದಾಗ ನಾನು ಕೈ ತೆಗೆಯುತ್ತೇನೆ. ಕಾಲು ಮಾತ್ರ ಇರುತ್ತದೆ. ಜಾಗ ಖಾಲಿ ಇರಲಿ.”

ಅಂದರೆ ಸಂಗೀತದ ನಡುವೆ ಗಿಟಾರಿನಷ್ಟೇ ಉದ್ದದ ತೆರವು. ಮಾಪಣ್ಣ ಡ್ರಮ್ ಸವರುವ ತಂತಿ ಬ್ರಶ್ ಎತ್ತಿಕೊಂಡು, “ಆತು ರಾಯರ, ನಾನು ಮೆತ್ತಗ ಹೊಂಟಿರ್ತೀನಿ, ಹ್ಯಾರಿಯಣ್ಣ ಬಂದು ಕೂಡಿಕೊಳ್ಳಲಿ” ಎಂದ.

ಆಮೇಲೆ ಕಿಟ್ಟಣ್ಣ ಎಲ್ಲರಿಗೂ ಬಿಸ್ಕುಟ್ ಅಂಬಡೆ ತರಿಸಿದರು.

ಭಾನುವಾರ, 1 ಅಕ್ಟೋಬರ್

ಆಯುಧ ಪೂಜೆ. ಹೋಟೆಲಿನಲ್ಲಿ ತವಾ, ಗ್ರೈಂಡರ್, ಗಲ್ಲಾಪೆಟ್ಟಿಗೆ, ಎಲ್ಲದಕ್ಕೂ ಗಂಧ-ಹೂವು. ಹೋದ ವರ್ಷಗಳಲ್ಲಿ ಆರ್ಗನ್ನಿನ ನೆತ್ತಿಗೆ ಒಂದು ಚೆಂಡುಹೂವು ಬಿದ್ದರೆ ಹೆಚ್ಚು. ಈ ಸಲ ಹಳೇ ವೇಟರ್ ಬೂಬ ಖುದ್ದು ಮುತುವರ್ಜಿ ವಹಿಸಿದ್ದಾನೆ. ನಾಳೆ ಅಕ್ಕ ಬರುತ್ತಾರಲ್ಲ. ಉಪ್ಪಿನಕಾಯಿ ಬಾಟಲಿ ತೆಗೆದು, ಒರೆಸಿ, ಮೇಲಿಂದ ಕೆಳಗಿನವರೆಗೆ ಹೂವು.

ಬಹಳ ಚೆನ್ನಾಗಿ ಕಾಣುತ್ತಿತ್ತು. ಮದುಮಗಳ ಹಾಗೆ. ನಾನೇ ಹೊಗಳಿದೆ.

ಸೋಮವಾರ, 2 ಅಕ್ಟೋಬರ್

ವಿವರವಾಗಿ ಬರೆಯಬೇಕು.

ನಾಲ್ಕು ಗಂಟೆಗೆ ಜಯಲತಕ್ಕ ಬಂದರು. ಹಬ್ಬದ ಸೀರೆ. ಬಾಟಲಿಗಳ ಕಪಾಟಿಗೆ ಕಿಟ್ಟಣ್ಣ ಬಿಳಿ ಪಂಚೆ ಹೊದೆಸಿದ್ದರು, ಒಳಗೆ ಯಾರೋ ಮಹಾತ್ಮರ ಪ್ರತಿಮೆ ಅನಾವರಣಕ್ಕೆ ಕಾದಿದ್ದಂತಿತ್ತು. ಹೊಸ್ತಿಲಲ್ಲಿ ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಕುರ್ಚಿಯ ಮೇಲೆ ಗಿಟಾರ್ ಒರಗಿಸಿಟ್ಟಿದ್ದೆವು. ಅದರ ಪಕ್ಕದಲ್ಲೇ ಕುಳಿತರು.

ರಾಯರು ಆರ್ಗನ್ನಿನ ಮುಂದೆ ಬಂದರು. ಕೆಳಗೆ ನೋಡಿದರು. ಅಲ್ಲೇ ನಿಂತರು.

ಕಾಲ್ಪಟ್ಟಿಗಳು. ಪ್ರತಿಯೊಂದಕ್ಕೂ ಗಂಧ, ಕುಂಕುಮ, ಒಂದೊಂದು ಹೂವಿನೆಸಳು.

“ನಿನ್ನೆವರೆಗೆ ಇದು ಮೆಷಿನು,” ರಾಯರು ಮೆಲ್ಲಗೆ ಹೇಳಿದರು. “ಪೂಜೆ ಆದ ಮೇಲೆ ದೇವರು. ಕಾಲಿಡುವುದು ಹೇಗೆ ಮಾರಾಯ?”

ಪುಸ್ತಕಕ್ಕೆ ಕಾಲು ತಗಲಿದರೂ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಇಷ್ಟು ವರ್ಷ ಬೂಟು ಹಾಕಿ ತುಳಿದದ್ದು ಲೆಕ್ಕಕ್ಕಿಲ್ಲ, ಅದು ಪರದೇಶದ ಯಂತ್ರ. ಈಗ ಬೂಬ ಅದಕ್ಕೆ ಪ್ರಾಣಪ್ರತಿಷ್ಠೆ ಮಾಡಿಬಿಟ್ಟಿದ್ದಾನೆ. ಒರೆಸಿಬಿಡೋಣ ಎಂದ ಮಾಪಣ್ಣ. ದಶಮಿಯ ದಿನ ಕುಂಕುಮ ಒರೆಸುವುದೇ ಎಂದು ಕಿಟ್ಟಣ್ಣ ಬೆಚ್ಚಿದರು. ರಂಜನ್, “ಅಂಕಲ್, ಬಾಸ್ ಲ್ಯಾಪ್‌ಟಾಪ್ ಸೇ ದೇ ದೂಂ ಕ್ಯಾ?” ಎಂದ. ಸಾಂಬಾರಿಗೆ ಕೆಚಪ್ ಹಾಕಲೇ ಎಂದು ಕೇಳಿದವನನ್ನು ನೋಡುವಂತೆ ಎಲ್ಲರೂ ಅವನನ್ನು ನೋಡಿದೆವು. ಬೂಬ ಅಡುಗೆಮನೆಯ ಬಾಗಿಲ ಹಿಂದೆ ಅಳುವುದರಲ್ಲಿದ್ದ.

ಕಾಲಿಲ್ಲದಿದ್ದರೆ ಬಾಸ್ ಇಲ್ಲ. ಬಾಸ್ ಇಲ್ಲದಿದ್ದರೆ ಹ್ಯಾರಿಯ ಜಾಗದ ಕೆಳಗೆ ನೆಲವೇ ಇಲ್ಲ. ಈ ವಾರದೊಳಗೆ ಆರ್ಗನ್ನೂ ಇಲ್ಲ.

ನಮ್ಮ ಗುಸುಗುಸು ಕಂಡು ಜಯಲತಕ್ಕ ಎದ್ದರು. ತಾನು ಬಂದದ್ದೇ ತಪ್ಪಾಯಿತೆಂದು ತಿಳಿದರೋ ಏನೋ. ಚೀಲ ಕೈಗೆತ್ತಿಕೊಂಡಿದ್ದರು. ನಾನು ಓಡಿಹೋಗಿ ವಿಷಯ ಹೇಳಿದೆ. ಅವರು ಬಂದು ಬಗ್ಗಿ ಪಟ್ಟಿಗಳನ್ನು ನೋಡಿದರು.

“ಕಾಲಲ್ಲಿ ಬಾರಿಸುವುದಾ ಇದನ್ನು?”

ಹೌದು ಎಂದರು ರಾಯರು, ಕಳ್ಳತನ ಒಪ್ಪಿಕೊಂಡವರ ಹಾಗೆ.

“ನನ್ನ ಅಪ್ಪ ಯಕ್ಷಗಾನ ಮೇಳದಲ್ಲಿ ವೇಷ ಮಾಡ್ತಿದ್ದರು ರಾಯರೇ. ಗೆಜ್ಜೆಗೆ ಬಣ್ಣ ಹಚ್ಚುವ ಚೌಕಿಯಲ್ಲಿ ದೇವರ ಎದುರು ಪೂಜೆ ಆಗ್ತದೆ. ಆಮೇಲೆ ಅದನ್ನು ಕಟ್ಟುವುದು ಎಲ್ಲಿಗೆ, ತಲೆಗಾ?”

ರಾಯರು ಅವರನ್ನೇ ನೋಡಿದರು. ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿದರು. ಬೂಬ ಚೊಂಬಿನಲ್ಲಿ ನೀರು ತಂದ. ಕಾಲು ತೊಳೆದು, ಪಟ್ಟಿಗಳನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಕುಳಿತರು.

ಶುರುವಾಯಿತು.

ಹ್ಯಾರಿಯದೇ ರಾಗ. ಅವನು ಹೆಸರಿಟ್ಟಿರಲಿಲ್ಲ. ಯಾವಾಗಲೂ ಮೂರನೆಯದಾಗಿ ನುಡಿಸುತ್ತಿದ್ದುದರಿಂದ ನಾವು ‘ಮೂರನೆಯದು’ ಎನ್ನುತ್ತೇವೆ. ಬರಿಗಾಲಲ್ಲಿ ರಾಯರ ಬಾಸ್ ಹಿಂದೆಂದೂ ಹೀಗೆ ಕೇಳಿರಲಿಲ್ಲ. ದುಂಡಗೆ, ಮೆತ್ತಗೆ... ಊಟವಾದ ಮೇಲೆ ದೊಡ್ಡ ಮನುಷ್ಯರೊಬ್ಬರು ಜಗಲಿಯಲ್ಲಿ ಅಡ್ಡಾಡಿದಂತೆ. ಮಾಪಣ್ಣನ ಬ್ರಶ್ ಹಿಂದೆಯೇ. ಮೇಲೆ ಆರ್ಗನ್ ಉಸಿರೆಳೆದು ಉಸಿರು ಬಿಡುತ್ತಿತ್ತು, ಕಪಾಟಿನ ಬಾಟಲಿಗಳು ಪಂಚೆಯೊಳಗೇ ಕಿಣಿಕಿಣಿ ಅಂದವು.

ಆರ್ಗನ್ನಿನ ಸರದಿ ನಡೆಯುತ್ತಿತ್ತು. ಜಯಲತಕ್ಕ ನನ್ನ ಕಡೆ ಬಾಗಿದರು.

“ಇಲ್ಲಿ ಅವರು ನಿಲ್ಲಿಸ್ತಿದ್ದರು.”

ನನಗೆ ಅರ್ಥವಾಗಲಿಲ್ಲ.

“ಮನೆಯಲ್ಲಿ. ಇಷ್ಟು ಹೊತ್ತು ಸುಮ್ಮನೆ ಕೂರ್ತಿದ್ದರು, ತಂತಿ ಮೇಲೆ ಕೈ ಇಟ್ಟು. ಕಾಲು ಮಾತ್ರ ಆಡ್ತಿತ್ತು. ಮರೆತುಹೋಗಿದೆ ಅಂತ ಎಣಿಸ್ತಿದ್ದೆ ನಾನು. ಎಷ್ಟು ಸಲ ತಮಾಷೆ ಮಾಡಿದ್ದೇನೆ.” ಆರ್ಗನ್ ಕಡೆ ಬೆರಳು ತೋರಿಸಿ ಹೇಳಿದರು: “ಮನಸ್ಸಿನಲ್ಲಿ ಇದನ್ನು ಕೇಳ್ತಿದ್ದರು.”

ಅಷ್ಟರಲ್ಲಿ ರಾಯರು ಕೈ ಎತ್ತಿದರು. ಹ್ಯಾರಿಯ ಪಾಲು. ಕಾಲು ನಡೆಯುತ್ತಿದೆ, ಬ್ರಶ್ ನಡೆಯುತ್ತಿದೆ, ನಡುವೆ ಯಾರೂ ಇಲ್ಲ. ನಾವೆಲ್ಲ ಕುರ್ಚಿಯ ಮೇಲಿನ ಗಿಟಾರ್ ನೋಡುತ್ತ ಕುಳಿತೆವು. ಆಗ ಪಕ್ಕದಲ್ಲಿ ಸಣ್ಣ ದನಿ. ಜಯಲತಕ್ಕ ಗುನುಗುತ್ತಿದ್ದರು. ಸಂಗೀತ ಕಲಿತ ದನಿಯಲ್ಲ. ಆದರೆ ಒಂದು ಸ್ವರ, ಆಮೇಲೆ ಆ ಯೋಚನೆ, ಆಮೇಲೆ ಎರಡನೆಯದು. ಅದದೇ ಜಾಗದಲ್ಲಿ. ನಾವು ಕೇಳಿದ್ದು ತಟ್ಟೆಗಳ ನಡುವೆ, ಇವರು ಕೇಳಿದ್ದು ಒಲೆಯ ಪಕ್ಕದಲ್ಲಿ.

ರಾಯರು ತಲೆ ಎತ್ತಲಿಲ್ಲ. ಪಾಲು ಮುಗಿದರೂ ಕೈ ಕೆಳಗಿಳಿಸಲಿಲ್ಲ. ಕಾಲಿನಲ್ಲೇ ಮತ್ತೊಂದು ಸುತ್ತು ಹೊರಟರು. ಜಯಲತಕ್ಕನೂ ಮತ್ತೊಂದು ಸುತ್ತು ಗುನುಗಿದರು.

ಮುಗಿದಾಗ ರಾಯರು ಎದ್ದು ಅಡುಗೆಮನೆಗೆ ನೀರು ಕುಡಿಯಲು ಹೋದರು. ನೆಲದ ಮೇಲೆ ಕೆಂಪು ಹೆಜ್ಜೆಗಳು. ಬೂಬ ಒರೆಸಲಿಲ್ಲ.

“ನಾಳೆ ಉಂಟಾ?” ಎಂದು ಕೇಳಿದರು ಜಯಲತಕ್ಕ.

ಕಿಟ್ಟಣ್ಣ ತಡವರಿಸಿದರು. “ನಾಳೆ ಡ್ರೈ ಡೇ ಅಲ್ಲ ಅತ್ತಿಗೆ. ಜನ ಇರ್ತಾರೆ... ಕುಡಿಯುವವರು.”

“ಕುಡಿಯಲಿ. ನಾನು ಕೇಳ್ಲಿಕ್ಕೆ ಬರುವುದು.”

ಮಂಗಳವಾರ, 3 ಅಕ್ಟೋಬರ್

ಬಂದರು. ನೌಪಾಡಾದ ಇತಿಹಾಸದಲ್ಲಿ ಇಷ್ಟು ಗ್ಲಾಸುಗಳು ಇಷ್ಟು ಬೇಗ ಟೇಬಲ್ ಕೆಳಗೆ ಹೋದದ್ದಿಲ್ಲ. ಗಿರಾಕಿಗಳಲ್ಲಿ ಅರ್ಧ ಜನ ಊರಿನವರು, ಅದರಲ್ಲಿ ಕೆಲವರು ದೂರದ ನೆಂಟರೂ ಹೌದು. ಒಬ್ಬರಂತೂ ಮುಂದಿದ್ದ ಬಿಯರಿಗೆ ಮೆನು ಕಾರ್ಡ್ ಮರೆಮಾಡಿ, “ಓ ಜಯಕ್ಕ, ಸೌಖ್ಯವಾ” ಎಂದು ಎದ್ದು ನಿಂತರು.

“ಸೌಖ್ಯ. ಕೂತುಕೊಳ್ಳಿ. ನಮ್ಮವರು ಬಾರಿಸ್ತಿದ್ದ ಜಾಗ ಅಲ್ವಾ, ನೋಡುವ ಅಂತ ಬಂದೆ.”

ನಮ್ಮವರು ಬಾರಿಸುತ್ತಿದ್ದ ಜಾಗ. ಎಲ್ಲರ ಎದುರು, ಎಲ್ಲರಿಗೂ ಕೇಳುವಂತೆ ಹೇಳಿದರು. ನಂತರ ನಿಂಬೆ ಸೋಡಾ ತರಿಸಿಕೊಂಡು ಮೂರನೆಯದನ್ನು ಎರಡು ಸಲ ನುಡಿಸುವಂತೆ ರಾಯರಿಗೆ ಅಪ್ಪಣೆ ಮಾಡಿದರು.

ಉಲ್ಹಾಸನಗರದವನು ಫೋನ್ ಮಾಡಿದ್ದ. ಟೆಂಪೋ ಯಾವಾಗ ಕಳಿಸಲಿ ಎಂದು. ಕಿಟ್ಟಣ್ಣ ದೀಪಾವಳಿ ಕಳೆಯಲಿ ಎಂದರು. ಯಾವ ವರ್ಷದ ದೀಪಾವಳಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಶುಕ್ರವಾರ, 6 ಅಕ್ಟೋಬರ್

ಇನ್ನು ಮುಂದೆ ಶನಿವಾರ ಶನಿವಾರ ಎಂದು ನಿಶ್ಚಯವಾಗಿದೆ. ಗಿಟಾರಿನ ಜಾಗ ಖಾಲಿಯೇ ಇರುತ್ತದೆ. ನಾಳೆ ಜಯಲತಕ್ಕ ಪಕ್ಕದ ಮನೆಯವರನ್ನೂ ಕರೆತರುತ್ತಾರಂತೆ. ಯಾರಿಗೆ ತೊಂದರೆಯಾಗಬಾರದೆಂದು ಹ್ಯಾರಿ ಕರೆಂಟಿಗೆ ಸಿಕ್ಕಿಸುತ್ತಿರಲಿಲ್ಲವೋ, ಅವರನ್ನೇ.

ಈ ಡೈರಿಯನ್ನು ಯಾರೂ ಓದುವುದಿಲ್ಲ, ಗೊತ್ತು. ಆದರೂ ಅಕಸ್ಮಾತ್ ಯಾರಾದರೂ ಓದುತ್ತಿದ್ದು, ನಾಳೆ ಸಂಜೆ ಅನ್ನಪ್ರಸಾದಕ್ಕೆ ಬರುವವರಾಗಿದ್ದರೆ, ಒಂದು ಸಣ್ಣ ಉಪಕಾರವಾಗಬೇಕು. ಆರ್ಗನ್ನಿನ ಎಡಬದಿಯ ಟೇಬಲ್ ದಯವಿಟ್ಟು ಬಿಡಿ. ರಾಯರ ಕಾಲು ಕಾಣುವುದು ಅಲ್ಲಿಂದ ಮಾತ್ರ, ಜಯಲತಕ್ಕನಿಗೆ ಅದನ್ನು ನೋಡಬೇಕಂತೆ. ಮತ್ತೆ ತಲೆ ಮೇಲಿನ ಫ್ಯಾನು ಎರಡಕ್ಕಿಂತ ಜಾಸ್ತಿ ಇಡಬೇಡಿ, ಮೂರಕ್ಕೆ ಹೋದರೆ ಅದು ಕಟಕಟ ಎನ್ನುತ್ತದೆ, ಹ್ಯಾರಿಯ ಜಾಗ ಕೇಳಿಸುವುದಿಲ್ಲ.