ಹಿಂಭಾರದ ಗಾಡಿ

ದೇವದುರ್ಗ, 14-2-1984, ಮಂಗಳವಾರ

ಕಿವಿಯಲ್ಲಿ ಇನ್ನೂ ಹೊಳೆಯ ನೀರಿದೆ. ಇರಲಿ.

ನಾಲ್ಕು ದಿನದಿಂದ ನನಗೆ ಕಾಲಿನದೇ ಕಾಟ. ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ತುಂಡು ಕಟ್ಟಿಕೊಂಡು ಮುಳುಗಿದರೆ ಕಾಲು ಕೆಳಗಿಳಿದು ರಾಡಿ ಎಬ್ಬಿಸುತ್ತಿತ್ತು. ರಾಡಿಯಲ್ಲಿ ಸೇತುವೆ ಕಂಬದ ಬಿರುಕು ಹೇಗೆ ಕಾಣಬೇಕು? ಇವತ್ತೂ ಹಾಗಾದರೆ ಮನೆಗೆ ಹೋಗು ಎಂದಿದ್ದರು, ನಮಗೆ ಮುಳುಗುವ ಕೆಲಸ ಕಲಿಸುವ ಕಾರವಾರದ ತಾಂಡೇಲ ಸಾಹೇಬರು.

"ಕಾಲು ಮೇಲಿಡೋ ಮಾರಾಯ" ಎಂದರು.

ಯಾರೆದುರೂ ಬಾಯಿ ಬಿಡದ ನಾನು ಇವತ್ತು ಬಿಟ್ಟೆ. "ಕಾಲಿನ ತಪ್ಪಲ್ರೀ ಸಾಹೇಬ್ರ. ಗಾಡಿ ಹಿಂಭಾರ ಆಗ್ಯದ. ಸೀಸ ಮುಂದ ಸರಸ್ರೀ."

ಜೊತೆಗೆ ಕಲಿಯುವ ಪಕೀರಪ್ಪ ನಕ್ಕ. "ಎತ್ತು ಎಲ್ಲಿ ಅದಾವಲೇ?"

ಮಾನ್ವಿಯಲ್ಲಿ ಅಪ್ಪನ ಜೊತೆ ಭತ್ತದ ಚೀಲ ಹೇರುವಾಗ, ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತಿತ್ತು. ಇದೂ ಅದೇ, ಸೊಂಟದ ಭಾರಕ್ಕೆ ಕಾಲು ಇಳಿದು ತಲೆ ಮೇಲೇಳುತ್ತಿತ್ತು.

ಸಾಹೇಬರು ನಗಲಿಲ್ಲ. ಸೊಂಟದಿಂದ ಎರಡು ತುಂಡು ಬಿಚ್ಚಿ, ನನ್ನ ತಲೆಯ ಹಿಂದೆ ಬರುವ ಸಿಲಿಂಡರಿನ ಕುತ್ತಿಗೆಗೆ ಕಟ್ಟಿದರು. ಮುಳುಗಿದೆ. ಮೈ ಚಾಪೆ ಹಾಸಿದಂತೆ ಮಟ್ಟಸವಾಗಿ ನಿಂತಿತು. ಕೆಸರು ಕದಲಲಿಲ್ಲ. ಬಿರುಕು ಕಂಡಿತು, ಬೆರಳಿಟ್ಟು ನೋಡಿದೆ.

ಮೇಲೆ ಬಂದಾಗ ಸಾಹೇಬರು ಪಕೀರಪ್ಪನಿಗೆ, "ನಿನ್ನ ಗಾಡಿನೂ ಇವನ ಹತ್ರನೇ ಹೇರಿಸ್ಕೋ" ಎಂದರು.

ಈಗ ಮಲಗಿದರೂ ಮೈ ಹಾಗೇ ತೇಲುತ್ತಿದೆ. ಅಪ್ಪನಿಗೆ ಕಾಗದ ಬರೆಯಬೇಕು. ಯಪ್ಪಾ, ನೀ ಕಲಿಸಿದ್ದು ಹೊಳ್ಯಾಗೂ ನಡೀತು.