ಎರಡು ಮನೆಯ ಬುತ್ತಿ

ಶಿರಸಿ
9 ಜೂನ್ 2025, ಸೋಮವಾರ

ಪ್ರೀತಿಯ ಮಹೇಶ್ವರಿಗೆ,

ಗಂಗಾಳ ನೆನಪುಗಳು. ಯುಗಾದಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮ್ ಹೊಲಿದು ಹೊಲಿದು ಬೆನ್ನು ನೆಟ್ಟಗಾಗುತ್ತಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಅಂಗಡಿಯಲ್ಲಿ ಯಾವಾಗಲೂ ಇಬ್ಬರು ಗಿರಾಕಿಗಳು, ಮನೆಗೆ ಬಂದರೆ ಅತ್ತೆ. ಇದು ಅವರೆದುರು ಹೇಳುವ ಸಂಗತಿ ಅಲ್ಲ. ಹಾಸ್ಟೆಲಿನ ದಿನಗಳಿಂದಲೂ ನನ್ನ ಹೊಟ್ಟೆಯೊಳಗಿನ ವಿಷವನ್ನೆಲ್ಲ ನಿನ್ನೆದುರೇ ಕಾರಿಕೊಂಡವಳು ನಾನು. ಈಗ ಹೊಸಬರನ್ನು ಎಲ್ಲಿ ಹುಡುಕಲಿ?

ನಿನ್ನ ವಜ್ರಳ್ಳಿ ಶಾಲೆಗೆ ಹೊಸ ಹೆಡ್‌ಮಾಸ್ತರು ಬಂದರಾ? ಮಗ ಉಲ್ಲಾಸ ಡಿಪ್ಲೊಮಾ ಸೇರಿದನಾ? ಎಲ್ಲ ವಿವರವಾಗಿ ಬರೆ.

ನನ್ನ ಮಗಳು ಅಭಿಜ್ಞಾಳ ಆರೋಗ್ಯ ಹೇಗಿದೆ ಎಂದು ನೀನು ಕೇಳಿದ್ದೆ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಡಾಕ್ಟರು ಸೀಲಿಯಾಕ್ ಕಾಯಿಲೆ ಎಂದು ಹೇಳಿದ್ದು ನಿನಗೆ ಗೊತ್ತೇ ಇದೆ. ಗೋಧಿ, ಮೈದಾ, ರವೆ, ಬಾರ್ಲಿ ಜನ್ಮದಲ್ಲಿ ಮುಟ್ಟಬಾರದು, ಒಂದು ಚಿಟಿಕೆ ಹೋದರೂ ಕರುಳಿಗೆ ಗಾಯ. ಅನ್ನ ತಿನ್ನುವ ಜನಕ್ಕೆ ಇದೇನು ಮಹಾ ಎಂದು ನಾನು ಆವತ್ತು ಧೈರ್ಯ ಮಾಡಿದ್ದೆ. ದೋಸೆ, ತೆಳ್ಳೇವು, ಕಡುಬು ಎಲ್ಲ ಅಕ್ಕಿಯದೇ. ಲಟ್ಟಣಿಗೆ ಅಟ್ಟಕ್ಕೆ ಹೋಯಿತು. ಹೊಸ ಕಾವಲಿ, ಹೊಸ ಮಿಕ್ಸಿ ಜಾರು ಬಂತು. ಅತ್ತೆಯ ಉಪ್ಪಿಟ್ಟನ್ನೂ ನಿಲ್ಲಿಸಿದೆ, ಅದಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ದರು.

ಇಷ್ಟಾದರೂ ಕೂಸು ಏಳಲಿಲ್ಲ. ವಾರಕ್ಕೆ ಎರಡು ದಿನ ಹೊಟ್ಟೆನೋವು, ಶಾಲೆಗೆ ರಜೆ, ಮುಖ ಬಿಳಿಚಿಕೊಂಡು ಕೂರುವುದು. ಜನವರಿಯಲ್ಲಿ ತೋರಿಸಿದಾಗ ಡಾಕ್ಟರು, "ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾ ಇದೆ, ಅಡುಗೆಮನೆ ಸರಿಯಾಗಿ ನೋಡಿ" ಎಂದು ನನ್ನ ಮುಖವನ್ನೇ ನೋಡಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ವಾಪಸು ಬರುವಾಗ ಬಸ್ಸಿನಲ್ಲಿ ಯಲ್ಲಾಪುರದವರೆಗೂ ಮಾತಾಡಲಿಲ್ಲ.

ಈಗ ತನುಜಾಳ ವಿಷಯಕ್ಕೆ ಬರುತ್ತೇನೆ. ಮೈದುನ ವಿಘ್ನೇಶ್ವರನ ಹೆಂಡತಿ, ಅವನು ನಮ್ಮವರಲ್ಲದ ಹುಡುಗಿಯನ್ನು ರಿಜಿಸ್ಟರ್ ಮದುವೆ ಆದಾಗ ಮನೆಯಲ್ಲಿ ಆದ ರಾಮಾಯಣ ನಿನಗೆ ನೆನಪಿರಬಹುದು. ತವರು ಬನವಾಸಿ ಕಡೆ, ರೈತರ ಮನೆ. ಈಗ ಸಿದ್ದಾಪುರದಲ್ಲಿದ್ದಾರೆ, ನಾಲ್ಕು ವರ್ಷದ ಮಗ ಚಿರಂತನ. ಅವಳು ಕೆಟ್ಟವಳಲ್ಲ. ಅದೇ ನನ್ನ ತಕರಾರು. ಕೆಟ್ಟವಳಾಗಿದ್ದರೆ ನಾನು ಆರಾಮಾಗಿರುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಅಭಿಜ್ಞಾ "ಚಿಕ್ಕಿ ಮನೆಗೆ ಹೋಗ್ತೆ" ಎಂದು ಹಟ ಹಿಡಿದಳು. ಕಳಿಸಿದೆ. ಒಂದೂವರೆ ತಿಂಗಳು ಅಲ್ಲೇ. ಫೋನು ಮಾಡಿದರೆ ಚಿಕ್ಕಿ ಆ ಸಾರು ಮಾಡಿತ್ತು, ಚಿಕ್ಕಿ ಈ ಪಲ್ಯ ಮಾಡಿತ್ತು, ಒಮ್ಮೆಯೂ ಹೊಟ್ಟೆನೋವಿನ ಸುದ್ದಿ ಇಲ್ಲ. ಮೇ ತಿಂಗಳ ಮಧ್ಯದಲ್ಲಿ ನಾನು ಸಿದ್ದಾಪುರಕ್ಕೆ ಹೋದವಳು ಹೊಸ ಲಂಗಕ್ಕೆಂದು ಅಳತೆ ತೆಗೆದೆ. ಸೊಂಟ ಒಂದೂವರೆ ಇಂಚು ಹೆಚ್ಚಾಗಿತ್ತು. ಎರಡು ಸಲ ಅಳೆದೆ. ಹಡೆದ ತಾಯಿಗೆ ಹಿಗ್ಗಾಗಬೇಕು ತಾನೇ? ನಾನು ಟೇಪು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ನನ್ನ ಕೈಯ ಅನ್ನದಲ್ಲಿ ಎರಡು ವರ್ಷಕ್ಕೂ ಬಾರದ ಮೈ ಅವಳ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಂದುಬಿಟ್ಟಿತ್ತು. ತನುಜಾ ಪಕ್ಕದಲ್ಲೇ ನಿಂತು, "ಎಷ್ಟಾತು ಅಕ್ಕಾ?" ಎಂದಳು. ನಾನು "ಹಂಗೇ ಇದ್ದು" ಎಂದೆ. ಸುಳ್ಳು ಹೇಳಿದೆ, ಮಹೇಶ್ವರಿ.

ಶಾಲೆ ಶುರುವಾಗುವ ಮುಂಚಿನ ಭಾನುವಾರ ಎರಡೂ ಮನೆಯವರು ಸೇರಿ ಹುಬ್ಬಳ್ಳಿ ಆಚೆಗಿನ ಒಂದು ಥೀಮ್ ಪಾರ್ಕಿಗೆ ಹೋದೆವು. ಅಲ್ಲಿ ನೀರಿನ ಜೊತೆ ಜಾರಿ ಇಳಿಯುವ ಒಂದು ದೊಡ್ಡ ಜಾರುಗಾಲುವೆ ಇದೆ, ಮೂರು ಮಾಳಿಗೆ ಎತ್ತರ. ಹತ್ತುವಲ್ಲಿ ಗೋಡೆಯ ಮೇಲೆ ಕೆಂಪು ಗೆರೆ, ತಲೆ ಅದಕ್ಕೆ ಮುಟ್ಟಿದರೆ ಮಾತ್ರ ಬಿಡುತ್ತಾರೆ. ಹೋದ ವರ್ಷ ಶಾಲೆಯ ಪ್ರವಾಸದಲ್ಲಿ ನಮ್ಮ ಕೂಸಿಗೆ ಒಂದು ಇಂಚು ಕಡಿಮೆ ಬಿದ್ದು, ಅವಳ ತರಗತಿಯವರೆಲ್ಲ ಜಾರಿ ಬರುವವರೆಗೆ ಚಪ್ಪಲಿ ಕಾಯುತ್ತ ನಿಂತಿದ್ದಳು. ಈ ವರ್ಷ ಮುಟ್ಟಲೇಬೇಕೆಂದು ಅವಳ ಹಟ.

ಆವತ್ತು ಬೆಳಿಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿದೆ. ಕೊಟ್ಟೆ ಕಡುಬು, ಮೊಸರನ್ನ, ಬಾಳೆಕಾಯಿ ಚಿಪ್ಸು, ಎರಡು ಲೀಟರ್ ಬಾಟಲಿ ತುಂಬ ಅಪ್ಪೆಹುಳಿ. ನನ್ನ ಅಪ್ಪೆಹುಳಿ ನಿನಗೆ ಗೊತ್ತು. ಒಳ್ಳೆ ಅಪ್ಪೆ ಮಾವಿನಮಿಡಿ, ಸೂಜಿಮೆಣಸು, ಮೇಲಿಂದ ಇಂಗಿನ ಒಗ್ಗರಣೆ. ಇದೊಂದು ವಿಷಯದಲ್ಲಿ ಯಾರೂ ನನ್ನ ಹತ್ತಿರ ಬರಲಾರರು ಎಂಬ ಗರ್ವ ಇತ್ತು. ತನುಜಾ ಸಿದ್ದಾಪುರದಿಂದ ಅವಳದೊಂದು ಬುತ್ತಿ ತಂದಿದ್ದಳು. ಹೇಳದೆ ಕೇಳದೆ.

ಗೇಟಿನಲ್ಲಿ ಹೊರಗಿನ ಊಟ ಬಿಡುವುದಿಲ್ಲ ಎಂದರು. ನಾನು ಡಾಕ್ಟರ ಕಾಗದ ತೆಗೆದು ತೋರಿಸಿದೆ. ವಾಚ್‌ಮನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಆಫೀಸಿಗೆ ತೋರಸ್ರಿ, ನಾ ಬಿಡಂಗಿಲ್ರಿ" ಎಂದ. ಅಷ್ಟರಲ್ಲಿ ತನುಜಾ ಮುಂದೆ ಬಂದಳು. "ಅಣ್ಣಾರ, ಕೂಸಿಗೆ ಗೋಧಿ ಆಗಂಗಿಲ್ರಿ, ತಿಂದ್ರ ಹೊಟ್ಟಿ ಹಿಡ್ಕೊಂಡು ಒದ್ದಾಡ್ತಾಳ. ಒಳಗಿನ ಹೋಟೆಲಿನಾಗ ಬರೇ ಪೂರಿ, ನೂಡಲ್ಸು. ನೀವ ಡಬ್ಬಿ ತೆಗದ್ ನೋಡ್ರಿ, ಅನ್ನ ಬಿಟ್ರ ಏನಿಲ್ಲ." ಎರಡು ನಿಮಿಷದಲ್ಲಿ ಅವನು ನಗುತ್ತ ಒಳಗೆ ಬಿಟ್ಟ. ನಮ್ಮನೆಯವರು, "ತನುಜಾ ಇದ್ದಿದ್ದಕ್ಕೆ ಆತು ನೋಡು" ಎಂದರು. ನನ್ನ ಕೈಯಲ್ಲಿ ಆ ಕಾಗದ ಹಾಗೇ ಇತ್ತು.

ಕೂಸು ಮೊದಲು ಓಡಿದ್ದೇ ಕೆಂಪು ಗೆರೆಯ ಹತ್ತಿರ. ತಲೆ ಮುಟ್ಟಿತು, ಹೆಬ್ಬೆರಳಷ್ಟು ಮೇಲೆಯೇ ಇತ್ತು. "ಚಿಕ್ಕಿ, ನೋಡು" ಎಂದು ಕೂಗಿದಳು. ಆಯಿ ಎಂದು ನನ್ನನ್ನು ಕರೆಯಲಿಲ್ಲ. ನಾನು ಚಿಕ್ಕಿಗಿಂತ ಹತ್ತಿರ ನಿಂತಿದ್ದೆ. ದೊಡ್ಡ ಸಾಲಿತ್ತು, ಊಟ ಮಾಡಿ ಬರುವುದೆಂದಾಯಿತು.

ಊಟಕ್ಕೆ ಕುಳಿತಾಗ ನಮ್ಮನೆಯವರು ಪೂರಿ ತಂದುಕೊಂಡರು. ಚಿರಂತನ ತನಗೂ ಬೇಕೆಂದು ಅತ್ತ. ತನುಜಾ ಕೊಡಿಸಲಿಲ್ಲ, "ಅಭಿಜ್ಞಾ ಅಕ್ಕ ತಿನ್ನದೆ ಇರದು ನಮಗೂ ಬ್ಯಾಡ" ಎಂದು ಅವನಿಗೂ ಅನ್ನವನ್ನೇ ಕಲಸಿದಳು. ನನಗೆ ಇದೂ ಹೊಟ್ಟೆ ಉರಿಸಿತು. ಅಭಿಜ್ಞಾ ಸೀದಾ ಚಿಕ್ಕಿಯ ಡಬ್ಬಿಗೆ ಕೈ ಹಾಕಿ ಬೆಳ್ಳುಳ್ಳಿ ಚಿತ್ರಾನ್ನ ತಿಂದಳು. ನನ್ನ ಕಡುಬನ್ನು ಒಂದು ಮುರಿದು ಬಾಯಿಗೆ ಹಾಕಿಕೊಂಡು, ಹೊಟ್ಟೆ ತುಂಬಿತು ಎಂದಳು. ಅಪ್ಪೆಹುಳಿ ಬೇಡ ಎಂದಳು.

"ನಿಂಗೇ ಅಂತ ಮಾಡಿದ್ದು ಇದು" ಎಂದೆ. ದನಿ ಹೇಗಿತ್ತೋ, ನಮ್ಮನೆಯವರು ಪೂರಿ ಬಿಟ್ಟು ತಲೆಯೆತ್ತಿದರು. ಕೂಸು ನನ್ನ ಮುಖ ನೋಡಿತು. ಆಮೇಲೆ ಲೋಟ ಹಿಡಿಯಿತು. ಒಂದಲ್ಲ, ಎರಡು ಲೋಟ ಕುಡಿಯಿತು, ನನ್ನ ಮುಖ ನೋಡುತ್ತಲೇ. ನಾನು ಗೆದ್ದೆ ಅಂದುಕೊಂಡೆ.

ಜಾರುಗಾಲುವೆಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಇನ್ನು ನಾಲ್ಕು ಜನ ಇದ್ದಾರೆ ಎನ್ನುವಾಗ ಅವಳು ಹೊಟ್ಟೆ ಹಿಡಿದು ಕುಸಿದಳು. ಅಲ್ಲೇ ವಾಂತಿ. ಪಾರ್ಕಿನವರ ಔಷಧಿ ಕೋಣೆಗೆ ಎತ್ತಿಕೊಂಡು ಹೋದೆವು. ಅಲ್ಲಿನ ನರ್ಸಿನ ಅಕ್ಕನ ಮಗನಿಗೂ ಇದೇ ಕಾಯಿಲೆಯಂತೆ. ಏನೇನು ತಿಂದಳೆಂದು ಕೇಳುತ್ತ ಬಂದವಳು ಅಪ್ಪೆಹುಳಿಗೆ ನಿಂತಳು. "ಇಂಗು ಹಾಕೀರೇನ್ರಿ? ಡಬ್ಬಿ ಇಂಗಿನಾಗ ಗೋಧಿ ಹಿಟ್ಟು ಕಲಸಿರ್ತಾರಲ್ರಿ." ನಾನು ದಿನವೂ ಸಾರಿಗೆ, ತಂಬುಳಿಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಹಾಕುವ ಇಂಗು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ನಮ್ಮನೆಯವರು, "ಅಯ್ಯೋ, ಇದು ಹೊಳೆದೇ ಇಲ್ಲೆ" ಎಂದರು. ತನುಜಾ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇದು ಯಾರಿಗ್ ಗೊತ್ತಿರ್ತದೆ ಅಕ್ಕಾ" ಎಂದಳು.

ಸಂಜೆ ವಾಪಸು ಹೊರಟಾಗ ಕೂಸು ತನುಜಾಳ ತೊಡೆಯ ಮೇಲೆ ಮಲಗಿತ್ತು. ಗೆರೆ ಮುಟ್ಟಿಯೂ ಜಾರಲಿಲ್ಲ. ಅದಕ್ಕೆ ಅಳಲೂ ಇಲ್ಲ, ಅದು ನನಗೆ ಇನ್ನೂ ಕಷ್ಟ.

ಮನೆಗೆ ಬಂದು ಇಂಗಿನ ಡಬ್ಬಿ, ಭರಣಿಯ ಉಪ್ಪಿನಕಾಯಿ ಎಲ್ಲ ಹೊರಗೆ ಚೆಲ್ಲಿದೆ. ಈಗ ಎರಡು ವಾರದಿಂದ ಹೊಟ್ಟೆನೋವಿಲ್ಲ. ಊಟಕ್ಕೆ ಕೂರುವ ಮುಂಚೆ ಅಡುಗೆಮನೆಗೆ ಬಂದು ನಾನು ಏನು ಹಾಕುತ್ತೇನೆಂದು ನೋಡುತ್ತ ನಿಲ್ಲುತ್ತಾಳೆ. ನೋಡಲಿ. ನೋಡುವ ಹಕ್ಕು ಅವಳಿಗಿದೆ.

ಉಲ್ಲಾಸನಿಗೆ ನನ್ನ ಆಶೀರ್ವಾದ ಹೇಳು, ಓದು ಚೆನ್ನಾಗಿ ಸಾಗಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ನಿನ್ನ
ಗಂಗಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ನಿನಗೂ ಅರ್ಧವೇ ಹೇಳಿದರೆ ಇನ್ಯಾರಿಗೆ ಪೂರ್ತಿ ಹೇಳಲಿ?

ಕಳೆದ ದೀಪಾವಳಿಗೆ ತನುಜಾ ನಮ್ಮ ಮನೆಗೆ ಬಂದಿದ್ದಳು. ನಾನು ಒಗ್ಗರಣೆ ಹಾಕುತ್ತಿದ್ದೆ. ಅವಳು ಇಂಗಿನ ಡಬ್ಬಿ ಎತ್ತಿ ಹಿಂದಿನ ಸಣ್ಣ ಅಕ್ಷರ ಓದಿ, "ಅಕ್ಕಾ, ಇದ್ರಲ್ಲಿ ಗೋಧಿ ಹಿಟ್ಟು ಅಂತ ಬರ್ದದೆ" ಎಂದು ಮೆಲ್ಲಗೆ ಹೇಳಿದಳು. ನಾನು ಡಬ್ಬಿ ಕಸಿದುಕೊಂಡು, ಬೆಳ್ಳುಳ್ಳಿ ಕೈಯಲ್ಲಿ ನಮ್ಮ ಒಲೆಯ ಸಾಮಾನು ಮುಟ್ಟಬೇಡ ಎಂದೆ. ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ನಾನು ಡಬ್ಬಿ ತಿರುಗಿಸಿ ನೋಡಲೇ ಇಲ್ಲ. ನೋಡಿದರೆ ಅವಳು ಹೇಳಿದ್ದು ಸರಿ ಎಂದಾಗಿಬಿಡುತ್ತಿತ್ತು.

ಪಾರ್ಕಿನಲ್ಲಿ ಅವಳು ಇದನ್ನು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಜಗಳವಾಡಿ ಹಗುರಾಗುತ್ತಿದ್ದೆ. ಇವತ್ತಿಗೂ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ ಎಂದು ಕಾಣುತ್ತದೆ. ದೀಪಾವಳಿಯಿಂದ ಪರೀಕ್ಷೆಯವರೆಗೆ ಐದು ತಿಂಗಳು, ಮಹೇಶ್ವರಿ. ಗೊತ್ತಿಲ್ಲದೆ ಅಲ್ಲ. ನನ್ನ ಕೂಸಿಗೆ ನಾನೇ ಬಡಿಸಿದೆ.